ಗೊತ್ತಿದೆ, ಬರುತ್ತದೆ, ಮಾಡುತ್ತಾರೆ: ದಂತ ವಿದ್ಯಾರ್ಥಿಗಳ ಮೇಲಿನ ಸಂಶೋಧನೆಯನ್ನು ಓದುವುದು ಹೇಗೆ?

ದಂತ ಕಾಲೇಜಿನ ಆಸ್ಪತ್ರೆಗೆ ಹಲ್ಲು ತೋರಿಸಲು ಹೋದವರಿಗೆ ಇದು ಗೊತ್ತಿರುತ್ತದೆ. ಕುರ್ಚಿಯಲ್ಲಿ ಒರಗಿ ಬಾಯಿ ತೆರೆದಾಗ ಮೊದಲು ಒಳಗೆ ನೋಡುವುದು ಡಾಕ್ಟರಲ್ಲ, ಡಾಕ್ಟರಾಗಲು ಇನ್ನೂ ಒಂದೆರಡು ವರ್ಷ ಬಾಕಿ ಇರುವ ವಿದ್ಯಾರ್ಥಿ. ಪರೀಕ್ಷೆ ಮಾಡುವುದು ಅವರೇ, ಬರೆದುಕೊಳ್ಳುವುದೂ ಅವರೇ. ಮೇಲಿನವರು ಬಂದು ನೋಡಿ ಸರಿ ಅಂದ ಮೇಲೆ ಡ್ರಿಲ್ ಹಿಡಿಯುವುದೂ ಅವರೇ. ಆಗ ಮನಸ್ಸಿಗೆ ಬರುವ ಪ್ರಶ್ನೆ ಒಂದೇ. ಇವರಿಗೆ ಇದು ಸರಿಯಾಗಿ ಬರುತ್ತದಾ?

ಈ ಪ್ರಶ್ನೆಯ ಹಿಂದೆ ಬಿದ್ದ ಸಂಶೋಧಕರು ಪ್ರಪಂಚದ ಎಲ್ಲ ಕಡೆ ಇದ್ದಾರೆ. ದಂತ ವಿದ್ಯಾರ್ಥಿಗಳು ಏನು ಕಲಿಯುತ್ತಾರೆ, ಅವರ ಕೈ ಎಷ್ಟು ಪಳಗಿದೆ, ರೋಗಿಯನ್ನು ಹೇಗೆ ನೋಡುತ್ತಾರೆ ಅನ್ನುವುದರ ಮೇಲೆ ಪ್ರತಿ ವರ್ಷ ರಾಶಿ ರಾಶಿ ಅಧ್ಯಯನಗಳು ಬರುತ್ತವೆ. ಅವುಗಳಲ್ಲಿ ಕೆಲವು ಸುದ್ದಿಯಾಗುತ್ತವೆ. ‘ದಂತ ವಿದ್ಯಾರ್ಥಿಗಳಿಗೆ ಬಾಯಿ ಕ್ಯಾನ್ಸರ್ ಬಗ್ಗೆ ಅರಿವು ಕಡಿಮೆ’ ಅಂತಲೋ, ‘ರೋಗಿಗಳ ಮೇಲಿನ ಕಾಳಜಿ ವರ್ಷದಿಂದ ವರ್ಷಕ್ಕೆ ಇಳಿಯುತ್ತಿದೆ’ ಅಂತಲೋ ತಲೆಬರಹ ಬರುತ್ತದೆ. ಓದಿದವರಿಗೆ ಗಾಬರಿಯಾಗುವುದು ಸಹಜ. ವಿಶ್ವ ಆರೋಗ್ಯ ಸಂಸ್ಥೆಯ 2022ರ ವರದಿ ಪ್ರಕಾರ ಪ್ರಪಂಚದಲ್ಲಿ ಸುಮಾರು 350 ಕೋಟಿ ಜನರಿಗೆ ಬಾಯಿಯ ಯಾವುದೋ ಒಂದು ಕಾಯಿಲೆ ಇದೆ. ಅಂದರೆ ಈ ವಿಷಯ ಹೆಚ್ಚುಕಡಿಮೆ ನಮ್ಮೆಲ್ಲರ ಬಾಯಿಗೂ ಸಂಬಂಧಪಟ್ಟದ್ದು. ಹಾಗಾಗಿ ಈ ಅಧ್ಯಯನಗಳು ನಿಜಕ್ಕೂ ಏನನ್ನು ಅಳೆಯುತ್ತವೆ ಅನ್ನುವುದನ್ನು ಬುಡದಿಂದ ನೋಡೋಣ.

ಒಂದೇ ಅನ್ನಿಸುವ ಬೇರೆ ಬೇರೆ ಸಂಗತಿಗಳು

ಡ್ರೈವಿಂಗ್ ಕಲಿಯುವವರನ್ನು ನೆನಪಿಸಿಕೊಳ್ಳಿ. ಕೆಂಪು ದೀಪ ಕಂಡರೆ ನಿಲ್ಲಬೇಕು ಅಂತ ಪರೀಕ್ಷೆಯಲ್ಲಿ ಬರೆಯುವುದು ಒಂದು. ಕ್ಲಚ್, ಬ್ರೇಕ್ ಎರಡನ್ನೂ ಸಂಭಾಳಿಸಿ ಗಾಡಿಯನ್ನು ಗೆರೆಯ ಹಿಂದೆ ನಿಲ್ಲಿಸುವುದು ಇನ್ನೊಂದು. ರಾತ್ರಿ ಹನ್ನೊಂದು ಗಂಟೆಗೆ, ರಸ್ತೆಯಲ್ಲಿ ಯಾರೂ ಇಲ್ಲದಾಗಲೂ ಆ ದೀಪಕ್ಕೆ ನಿಲ್ಲುವುದು ಮತ್ತೊಂದು. ಮೊದಲನೆಯದು ತಿಳಿವಳಿಕೆ, ಎರಡನೆಯದು ಕೌಶಲ. ಮೂರನೆಯದರಲ್ಲಿ ಮನೋಭಾವವೂ ಇದೆ, ನಡವಳಿಕೆಯೂ ಇದೆ. ಒಂದು ಚೆನ್ನಾಗಿದ್ದರೆ ಉಳಿದವೂ ಚೆನ್ನಾಗಿರುತ್ತವೆ ಅನ್ನುವ ಹಾಗಿಲ್ಲ.

ಅಮೆರಿಕದ ವೈದ್ಯಕೀಯ ಶಿಕ್ಷಣ ತಜ್ಞ ಜಾರ್ಜ್ ಮಿಲ್ಲರ್ 1990ರಲ್ಲಿ ಇದನ್ನೇ ನಾಲ್ಕು ಮೆಟ್ಟಿಲಿನ ಪಿರಮಿಡ್ ಮಾಡಿ ತೋರಿಸಿದರು. ತಳದಲ್ಲಿ ‘ಗೊತ್ತಿದೆ’. ಅದರ ಮೇಲೆ ‘ಹೇಗೆ ಮಾಡಬೇಕೆಂದು ಗೊತ್ತಿದೆ’. ಅದರ ಮೇಲೆ ‘ಮಾಡಿ ತೋರಿಸಬಲ್ಲರು’. ತುದಿಯಲ್ಲಿ ‘ದಿನನಿತ್ಯ ಹಾಗೇ ಮಾಡುತ್ತಾರೆ’. ದಂತ ವಿದ್ಯಾರ್ಥಿಗಳ ಬಗ್ಗೆ ಯಾವುದೇ ಸುದ್ದಿ ಓದಿದರೂ ಅದು ಯಾವ ಮೆಟ್ಟಿಲಿನ ಮಾತು ಅಂತ ಮೊದಲು ನೋಡಬೇಕು. ರೋಗಿಗೆ ಬೇಕಾಗಿರುವುದು ತುದಿ. ಅಳೆಯಲು ಸುಲಭವಾಗಿರುವುದು ತಳ. ಪ್ರಶ್ನೆಪತ್ರಿಕೆ ಹಂಚಿದರೆ ಒಂದು ಮಧ್ಯಾಹ್ನದಲ್ಲಿ ಮುನ್ನೂರು ಜನರ ತಿಳಿವಳಿಕೆ ಅಳೆಯಬಹುದು, ಆದರೆ ಒಬ್ಬ ವಿದ್ಯಾರ್ಥಿ ಯಾರೂ ನೋಡದಾಗ ಹೇಗೆ ಕೆಲಸ ಮಾಡುತ್ತಾರೆ ಅಂತ ತಿಳಿಯಲು ತಿಂಗಳುಗಟ್ಟಲೆ ಬೇಕು, ನೋಡುತ್ತಿದ್ದೇವೆ ಅನ್ನುವ ಕಾರಣಕ್ಕೇ ಅವರ ನಡವಳಿಕೆ ಬದಲಾಗುವ ಅಪಾಯವೂ ಇದೆ. ಅದಕ್ಕೇ ಪ್ರಕಟವಾಗುವ ಅಧ್ಯಯನಗಳಲ್ಲಿ ಪ್ರಶ್ನೆಪಟ್ಟಿಯವೇ ಜಾಸ್ತಿ.

ಹಲ್ಲಿನ ಓದು ಯಾಕೆ ಇಷ್ಟು ಬೇರೆ

ಬೇರೆ ವೈದ್ಯಕೀಯ ವಿದ್ಯಾರ್ಥಿಗಳು ಓದುವಾಗ ಬಹುಪಾಲು ನೋಡಿ ಕಲಿಯುತ್ತಾರೆ. ಶಸ್ತ್ರಚಿಕಿತ್ಸೆ ಮಾಡುವುದು ಪದವಿ ಆದ ಮೇಲಿನ ವರ್ಷಗಟ್ಟಲೆ ತರಬೇತಿಯಲ್ಲಿ. ದಂತ ವಿದ್ಯಾರ್ಥಿಗಳಿಗೆ ಆ ಸಾವಕಾಶ ಇಲ್ಲ. ಪದವಿ ಮುಗಿಯುವ ಮೊದಲೇ ಅವರು ಜೀವಂತ ಹಲ್ಲನ್ನು ಕೊರೆದಿರುತ್ತಾರೆ, ಇಂಜೆಕ್ಷನ್ ಕೊಟ್ಟಿರುತ್ತಾರೆ, ಹಲ್ಲು ಕಿತ್ತಿರುತ್ತಾರೆ.

ಕೊರೆಯುವ ಜಾಗವಾದರೂ ಎಂಥದ್ದು! ಹಲ್ಲಿನ ಮೇಲಿನ ಬಿಳಿ ಕವಚ, ಅಂದರೆ ಎನಾಮಲ್, ನಮ್ಮ ದೇಹದಲ್ಲೇ ಅತಿ ಗಟ್ಟಿಯಾದ ವಸ್ತು. ತೀರಾ ದಪ್ಪ ಇರುವ ಕಡೆಯೂ ಸುಮಾರು ಎರಡೂವರೆ ಮಿಲಿಮೀಟರ್ ಅಷ್ಟೇ. ಒಮ್ಮೆ ಹೋದರೆ ಮತ್ತೆ ಬೆಳೆಯುವುದಿಲ್ಲ. ಅದರ ಕೆಳಗೆ ಡೆಂಟಿನ್, ಅದರೊಳಗೆ ನರ, ರಕ್ತನಾಳ ಇರುವ ತಿರುಳು. ಕೊರೆಯುವ ಹ್ಯಾಂಡ್‌ಪೀಸ್ ನಿಮಿಷಕ್ಕೆ ಮೂರು ಲಕ್ಷಕ್ಕೂ ಹೆಚ್ಚು ಸುತ್ತು ತಿರುಗುತ್ತದೆ. ಅರ್ಧ ಮಿಲಿಮೀಟರ್ ಜಾಸ್ತಿ ಹೋದರೆ ಸುಮ್ನೆ ಫಿಲ್ಲಿಂಗ್‌ನಲ್ಲಿ ಮುಗಿಯಬೇಕಿದ್ದ ಕೆಲಸ ರೂಟ್ ಕೆನಾಲ್‌ಗೆ ಹೋಗಬಹುದು. ಇದೆಲ್ಲ ನಡೆಯುವುದು ಕತ್ತಲೆಯ, ಒದ್ದೆಯ, ನಾಲಿಗೆ ಅಲ್ಲಾಡುತ್ತಲೇ ಇರುವ ಒಂದು ಸಣ್ಣ ಜಾಗದಲ್ಲಿ. ಮೇಲಿನ ಹಲ್ಲಾದರೆ ನೇರವಾಗಿ ಕಾಣುವುದೂ ಇಲ್ಲ, ಪುಟ್ಟ ಕನ್ನಡಿಯಲ್ಲಿ ನೋಡುತ್ತಾ ಮಾಡಬೇಕು. ಕನ್ನಡಿ ನೋಡಿಕೊಂಡು ನಿಮ್ಮ ತಲೆಯ ಹಿಂಭಾಗದ ಕೂದಲನ್ನು ನೀವೇ ಕತ್ತರಿಸಲು ಹೋದರೆ ಕೈ ಯಾವ ಕಡೆ ಹೋಗುತ್ತದೆ ಅಂತ ಒಮ್ಮೆ ಯೋಚಿಸಿ.

ಹಿಂದೆ ಈ ವಿದ್ಯೆಯನ್ನು ಗುರುವಿನ ಜೊತೆ ಇದ್ದು ಕಲಿಯುತ್ತಿದ್ದರು. ದಂತ ವೈದ್ಯಕ್ಕೆಂದೇ ಪ್ರಪಂಚದ ಮೊದಲ ಕಾಲೇಜು ಅಮೆರಿಕದ ಬಾಲ್ಟಿಮೋರ್‌ನಲ್ಲಿ ಶುರುವಾಗಿದ್ದು 1840ರಲ್ಲಿ. 1926ರಲ್ಲಿ ವಿಲಿಯಂ ಗೀಸ್ ಎಂಬ ವಿಜ್ಞಾನಿ ಕಾರ್ನೆಗಿ ಫೌಂಡೇಶನ್‌ಗಾಗಿ ಅಮೆರಿಕ ಮತ್ತು ಕೆನಡಾದ ದಂತ ಶಾಲೆಗಳನ್ನು ಅಭ್ಯಾಸ ಮಾಡಿ ವರದಿ ಕೊಟ್ಟರು. ಈ ಓದು ವೈದ್ಯಕೀಯದಷ್ಟೇ ಗಂಭೀರವಾದದ್ದು, ವಿಶ್ವವಿದ್ಯಾಲಯದೊಳಗೆ ಇರಬೇಕು ಅನ್ನುವುದು ಅದರ ಮುಖ್ಯ ಮಾತು. ದಂತ ವೈದ್ಯರನ್ನು ತಯಾರು ಮಾಡುವ ರೀತಿಯೇ ಸಂಶೋಧನೆಯ ವಿಷಯ ಅಂತ ಗಟ್ಟಿಯಾಗಿ ತೋರಿಸಿದ ಕೆಲಸ ಅದು.

ಈಗ ಎಲ್ಲ ಕಡೆ ಒಂದು ಕ್ರಮ ಇದೆ. ಮೊದಲು ಮೂಲ ವಿಜ್ಞಾನ. ಆಮೇಲೆ ಫ್ಯಾಂಟಮ್ ಹೆಡ್, ಅಂದರೆ ದವಡೆ, ಕೆನ್ನೆ ಎಲ್ಲ ಇರುವ ಗೊಂಬೆ ತಲೆ. ಅದರ ಬಾಯಿಯಲ್ಲಿ ಪ್ಲಾಸ್ಟಿಕ್ ಹಲ್ಲು ಕೂರಿಸಿ ಕೊರೆದು ಕೊರೆದು ಕೈ ಪಳಗಿಸಿಕೊಳ್ಳುತ್ತಾರೆ. ಅದರಲ್ಲಿ ಪಾಸಾದವರಿಗೆ ಮಾತ್ರ ರೋಗಿಯ ಬಳಿ ಹೋಗಲು ಅವಕಾಶ, ಅದೂ ಮೇಲ್ವಿಚಾರಕರ ಕಣ್ಣಿನಡಿಯಲ್ಲಿ.

ಕೈಚಳಕಕ್ಕೆ ಅಂಕ ಕೊಡುವುದು ಯಾಕೆ ಕಷ್ಟ

ಒಳ್ಳೆಯ ಕೈ ಹುಟ್ಟಿನಿಂದ ಬರುತ್ತದಾ, ಅಭ್ಯಾಸದಿಂದ ಬರುತ್ತದಾ? ಇದು ಈ ಕ್ಷೇತ್ರದ ಹಳೆಯ ಪ್ರಶ್ನೆ. ಅಮೆರಿಕದ ಪ್ರವೇಶ ಪರೀಕ್ಷೆಯಲ್ಲಿ ಒಂದು ಕಾಲಕ್ಕೆ ಸೀಮೆಸುಣ್ಣವನ್ನು ಕೆತ್ತಿ ನಿರ್ದಿಷ್ಟ ಆಕಾರ ಮಾಡಿ ತೋರಿಸಬೇಕಿತ್ತು. 1970ರ ದಶಕದಲ್ಲಿ ಅದನ್ನು ಕೈಬಿಟ್ಟು, ಆಕಾರಗಳನ್ನು ಮನಸ್ಸಿನಲ್ಲೇ ತಿರುಗಿಸಿ ನೋಡುವ ಕಾಗದದ ಪರೀಕ್ಷೆ ತಂದರು. ಇಂಥ ಪರೀಕ್ಷೆಗಳ ಅಂಕ ಮುಂದಿನ ಕೌಶಲವನ್ನು ಎಷ್ಟು ಸರಿಯಾಗಿ ಮುಂದಾಗಿ ಹೇಳುತ್ತದೆ ಅನ್ನುವುದರಲ್ಲಿ ಅಧ್ಯಯನಗಳ ಉತ್ತರ ಒಂದೇ ತರ ಇಲ್ಲ. ಹೆಚ್ಚಿನವು ಹೇಳುವುದು ಇಷ್ಟು: ಶುರುವಿನಲ್ಲಿ ಸ್ವಲ್ಪ ವ್ಯತ್ಯಾಸ ಕಾಣುತ್ತದೆ, ತರಬೇತಿ ಮುಂದುವರಿದಂತೆ ಅದು ತೆಳುವಾಗುತ್ತದೆ.

ಇದಕ್ಕಿಂತ ತೊಡಕಿನ ಸಂಗತಿ ಅಂಕ ಕೊಡುವವರ ಕಡೆ ಇದೆ. ಒಂದೇ ಪ್ಲಾಸ್ಟಿಕ್ ಹಲ್ಲು, ಅದರಲ್ಲಿ ವಿದ್ಯಾರ್ಥಿ ಕೊರೆದ ಒಂದೇ ಕುಳಿ. ಅದನ್ನು ಇಬ್ಬರು ಅಧ್ಯಾಪಕರ ಮುಂದೆ ಇಟ್ಟರೆ ಇಬ್ಬರೂ ಬೇರೆ ಬೇರೆ ಅಂಕ ಕೊಡುತ್ತಾರೆ. ಅದೇ ಅಧ್ಯಾಪಕರ ಮುಂದೆ ಕೆಲವು ವಾರ ಬಿಟ್ಟು, ಹೇಳದೆ, ಅದೇ ಹಲ್ಲನ್ನು ಮತ್ತೆ ಇಟ್ಟರೆ ತಮ್ಮದೇ ಹಳೆಯ ಅಂಕಕ್ಕಿಂತ ಬೇರೆ ಅಂಕ ಕೊಡಬಹುದು. ಇದು ಹಲವು ಕಡೆ ಮತ್ತೆ ಮತ್ತೆ ಕಂಡುಬಂದಿದೆ. ಅಧ್ಯಾಪಕರು ಬೇಕೆಂದೇ ಅನ್ಯಾಯ ಮಾಡುತ್ತಾರೆ ಅಂತಲ್ಲ. ಒಬ್ಬರ ಕಣ್ಣು ಮೊದಲು ಕುಳಿಯ ಆಳಕ್ಕೆ ಹೋಗುತ್ತದೆ, ಇನ್ನೊಬ್ಬರದು ಅಂಚಿನ ನುಣುಪಿಗೆ.

ಈ ಹೊಂದಾಣಿಕೆಯನ್ನು ಲೆಕ್ಕ ಹಾಕಲು ‘ಕಪ್ಪಾ’ ಎಂಬ ಸಂಖ್ಯೆ ಬಳಸುತ್ತಾರೆ. 1960ರಲ್ಲಿ ಜೇಕಬ್ ಕೋಹೆನ್ ಕೊಟ್ಟ ವಿಧಾನ ಇದು. ಇಬ್ಬರು ಕಣ್ಣುಮುಚ್ಚಿ ಪಾಸ್, ಫೇಲ್ ಅಂತ ಬರೆಯುತ್ತಾ ಹೋದರೂ ಕೆಲವು ಸಲ ಉತ್ತರ ಹೊಂದಿಬಿಡುತ್ತದೆ, ಅಲ್ವಾ? ಹಾಗೆ ಅದೃಷ್ಟದಿಂದ ಹೊಂದಿದ್ದನ್ನು ಕಳೆದು, ನಿಜವಾದ ಒಮ್ಮತ ಎಷ್ಟು ಉಳಿಯಿತು ಅಂತ ಕಪ್ಪಾ ಹೇಳುತ್ತದೆ. ಪೂರ್ತಿ ಒಮ್ಮತ ಇದ್ದರೆ 1, ಬರೀ ಅದೃಷ್ಟದಷ್ಟೇ ಇದ್ದರೆ 0. ವಿದ್ಯಾರ್ಥಿಗಳ ಕೌಶಲದ ಬಗ್ಗೆ ಹೇಳುವ ಅಧ್ಯಯನವೊಂದು, ಅಳೆದವರ ನಡುವೆ ಎಷ್ಟು ಒಮ್ಮತ ಇತ್ತು ಅಂತ ಹೇಳದಿದ್ದರೆ ನಾನು ಆ ಅಂಕಗಳನ್ನು ಅರ್ಧ ಮಾತ್ರ ನಂಬುತ್ತೇನೆ. ತಕ್ಕಡಿ ಸರಿ ಇದೆಯಾ ಅಂತ ನೋಡದೆ ತೂಕ ನಂಬುವುದು ಹೇಗೆ?

ಇದಕ್ಕೆ ಪರಿಹಾರಗಳೂ ಬಂದಿವೆ. ಸ್ಕಾಟ್ಲೆಂಡಿನ ಡಂಡಿಯಲ್ಲಿ ರೊನಾಲ್ಡ್ ಹಾರ್ಡನ್ ಮತ್ತು ಸಂಗಡಿಗರು 1975ರಲ್ಲಿ ಪ್ರಕಟಿಸಿದ ‘ಓಸ್ಕಿ’ ಪರೀಕ್ಷೆ ಅವುಗಳಲ್ಲಿ ದೊಡ್ಡದು. ಮೊದಲು ವೈದ್ಯ ವಿದ್ಯಾರ್ಥಿಗಳಿಗೆ ಬಂದಿದ್ದು, ಈಗ ದಂತ ಕಾಲೇಜುಗಳಲ್ಲೂ ಸಾಮಾನ್ಯ. ಸಾಲಾಗಿ ಹಲವು ಮೇಜುಗಳು. ಒಂದರಲ್ಲಿ ಎಕ್ಸ್‌ರೇ ಓದಬೇಕು. ಇನ್ನೊಂದರಲ್ಲಿ ರೋಗಿಯ ಪಾತ್ರ ಮಾಡುವವರಿಗೆ ಹಲ್ಲು ಕೀಳುವ ವಿಷಯ ತಿಳಿಸಿ ಹೇಳಬೇಕು. ಪ್ರತಿ ಮೇಜಿನಲ್ಲೂ ಕೆಲವೇ ನಿಮಿಷ, ಗಂಟೆ ಬಾರಿಸಿದ ಕೂಡಲೇ ಮುಂದಕ್ಕೆ. ಎಲ್ಲರಿಗೂ ಅದೇ ಪ್ರಶ್ನೆ, ಅದೇ ಅಂಕಪಟ್ಟಿ. ಮಿಲ್ಲರ್ ಪಿರಮಿಡ್‌ನ ಮೂರನೇ ಮೆಟ್ಟಿಲು ಇದು. ಮಾಡಿ ತೋರಿಸಿದರು ಅನ್ನುವವರೆಗೆ ಮಾತ್ರ ಇದು ಹೇಳುತ್ತದೆ.

ಕಂಪ್ಯೂಟರ್ ಸಿಮ್ಯುಲೇಟರ್‌ಗಳೂ ಇವೆ. ಪರದೆಯಲ್ಲಿ ಹಲ್ಲು ಕಾಣುತ್ತದೆ, ಕೈಯಲ್ಲಿರುವ ಹಿಡಿಕೆಗೆ ಎನಾಮಲ್‌ನ ಗಟ್ಟಿತನ, ಹುಳುಕಿನ ಮೆತ್ತಗಿನ ಭಾಗ ಎರಡೂ ತಾಗಿದ ಅನುಭವ ಆಗುತ್ತದೆ. ಹೊಸಬರ ಕೈಯನ್ನೂ ಅನುಭವಿಗಳ ಕೈಯನ್ನೂ ಅವು ಬೇರ್ಪಡಿಸಿ ತೋರಿಸಬಲ್ಲವು ಅಂತ ಅಧ್ಯಯನಗಳು ಹೇಳುತ್ತವೆ. ಅಲ್ಲಿ ಕಲಿತದ್ದು ನಿಜವಾದ ಬಾಯಿಯೊಳಗೆ ಎಷ್ಟು ಬರುತ್ತದೆ ಅನ್ನುವುದಕ್ಕೆ ಪುರಾವೆ ಇನ್ನೂ ಕಡಿಮೆ.

ಮನಸ್ಸನ್ನು ಅಳೆಯಲು ಹೋದಾಗ

ಮನೋಭಾವಕ್ಕೆ ಸ್ಕೇಲ್ ಹಿಡಿಯಲು ಆಗುವುದಿಲ್ಲ. ಹಾಗಾಗಿ ಕೇಳಬೇಕು. ‘ರೋಗಿಯ ಭಾವನೆ ಅರ್ಥಮಾಡಿಕೊಳ್ಳುವುದು ಚಿಕಿತ್ಸೆಯ ಭಾಗ’ ಅಂತ ಒಂದು ವಾಕ್ಯ ಕೊಟ್ಟು, ಪೂರ್ತಿ ಒಪ್ಪುತ್ತೀರಾ, ಸ್ವಲ್ಪ ಒಪ್ಪುತ್ತೀರಾ, ಒಪ್ಪುವುದಿಲ್ಲವಾ ಅಂತ ಗುರುತು ಹಾಕಿಸುತ್ತಾರೆ. 1932ರಲ್ಲಿ ರೆನ್ಸಿಸ್ ಲೈಕರ್ಟ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞ ತಂದ ಪದ್ಧತಿ ಇದು. ಸಮೀಕ್ಷೆಗಳಲ್ಲಿ ನೀವೂ ಎಷ್ಟೋ ಸಲ ತುಂಬಿರುತ್ತೀರಿ.

ದಂತ ವಿದ್ಯಾರ್ಥಿಗಳಿಗೆ ತುಂಬ ಕಡೆ ಬಳಸಿರುವ ಒಂದು ಪಟ್ಟಿ ಜಪಾನಿನ ಹಿರೋಷಿಮಾ ವಿಶ್ವವಿದ್ಯಾಲಯದಲ್ಲಿ ತಯಾರಾದದ್ದು. ಇಪ್ಪತ್ತು ವಾಕ್ಯಗಳು, ಹೌದು ಅಥವಾ ಅಲ್ಲ ಅನ್ನುವ ಉತ್ತರ. ಹಲ್ಲುಜ್ಜುವಾಗ ವಸಡಿನಲ್ಲಿ ರಕ್ತ ಬರುತ್ತದಾ, ವಯಸ್ಸಾದ ಮೇಲೆ ಕಟ್ಟಿಸಿದ ಹಲ್ಲೇ ಗತಿ ಅಂತ ಅನ್ನಿಸುತ್ತದಾ, ಹೀಗೆ. ಅಂದರೆ ಇದು ವಿದ್ಯಾರ್ಥಿಗಳು ತಮ್ಮ ಸ್ವಂತ ಬಾಯಿಯನ್ನು ಹೇಗೆ ನೋಡಿಕೊಳ್ಳುತ್ತಾರೆ ಅನ್ನುವ ಪ್ರಶ್ನೆ. ಬೇರೆ ಬೇರೆ ದೇಶಗಳಲ್ಲಿ ಹೆಚ್ಚಾಗಿ ಕಂಡಿದ್ದು ಒಂದೇ: ರೋಗಿಗಳನ್ನು ನೋಡಲು ಶುರು ಮಾಡಿದ ಹಿರಿಯ ವಿದ್ಯಾರ್ಥಿಗಳ ಅಂಕ ಕಿರಿಯರಿಗಿಂತ ಜಾಸ್ತಿ. ದಿನಾ ಬೇರೆಯವರ ಹಾಳಾದ ಹಲ್ಲು ನೋಡುವವರು ಮನೆಗೆ ಹೋಗಿ ತಮ್ಮ ಹಲ್ಲು ಚೆನ್ನಾಗಿ ಉಜ್ಜುತ್ತಾರೆ ಅನ್ನುವುದು ನಂಬುವಂಥದ್ದೇ.

ರೋಗಿಯ ಮೇಲಿನ ಕಾಳಜಿಯ ಕಥೆ ಇದಕ್ಕೆ ತದ್ವಿರುದ್ಧ. ಅದನ್ನು ಅಳೆಯಲು ಜೆಫರ್ಸನ್ ಸ್ಕೇಲ್ ಅನ್ನುವ ಪಟ್ಟಿ ಇದೆ. ಇದರಲ್ಲೂ ಇಪ್ಪತ್ತು ವಾಕ್ಯ, ಪ್ರತಿಯೊಂದಕ್ಕೂ 1ರಿಂದ 7ರವರೆಗೆ ಅಂಕ. 2005ರಲ್ಲಿ ಅಮೆರಿಕದಿಂದ ಬಂದ ಒಂದು ಅಧ್ಯಯನದಲ್ಲಿ ಮೊದಲ ವರ್ಷದ ದಂತ ವಿದ್ಯಾರ್ಥಿಗಳ ಅಂಕ ಮೇಲಿನ ತರಗತಿಯವರಿಗಿಂತ ಹೆಚ್ಚಿತ್ತು. ಆಮೇಲೆ ಬೇರೆ ದೇಶಗಳಲ್ಲಿ ನಡೆದ ಅಧ್ಯಯನಗಳಲ್ಲಿ ಕೆಲವು ಇಳಿಕೆ ತೋರಿಸಿದವು, ಕೆಲವು ತೋರಿಸಲಿಲ್ಲ.

ಇಳಿಯುತ್ತದೆ ಅನ್ನುವುದಾದರೆ ಯಾಕೆ? ಶುರುವಿನಲ್ಲಿ ರೋಗಿ ಅಂದರೆ ಮನಸ್ಸಿನಲ್ಲಿರುವ ಒಂದು ಚಿತ್ರ ಮಾತ್ರ, ಅವರ ಬಗ್ಗೆ ಕನಿಕರ ಪಡುವುದು ಸುಲಭ. ಆಮೇಲೆ ನಿಜವಾದ ರೋಗಿ ಎದುರಿಗೆ ಬರುತ್ತಾರೆ. ವಿದ್ಯಾರ್ಥಿಯ ಕೈ ನಡುಗುತ್ತಿರುತ್ತದೆ, ಜೊಲ್ಲು ಬಂದು ಫಿಲ್ಲಿಂಗ್ ಹಾಳಾಗುತ್ತಿರುತ್ತದೆ, ಹಿಂದೆ ಮೇಲ್ವಿಚಾರಕರು ಕಾಯುತ್ತಿರುತ್ತಾರೆ, ಗಡಿಯಾರ ಓಡುತ್ತಿರುತ್ತದೆ. ಆಗ ಪೂರ್ತಿ ಗಮನ ಆ ಒಂದು ಹಲ್ಲಿನ ಮೇಲೆ ಹೋಗುತ್ತದೆ, ಹಲ್ಲಿನ ಹಿಂದೆ ಇರುವ ಮನುಷ್ಯ ಮಸುಕಾಗುತ್ತಾನೆ. ಇದು ಸಂಶೋಧಕರು ಕೊಡುವ ವಿವರಣೆಗಳಲ್ಲಿ ಒಂದು, ನನಗೂ ಇದೇ ಹತ್ತಿರದ್ದು ಅನ್ನಿಸುತ್ತದೆ.

ಆದರೆ ಇಲ್ಲೊಂದು ಎಚ್ಚರ ಬೇಕು. ಹೆಚ್ಚಿನ ಅಧ್ಯಯನಗಳು ಒಂದೇ ಕಾಲದಲ್ಲಿ ಬೇರೆ ಬೇರೆ ವರ್ಷದ ವಿದ್ಯಾರ್ಥಿಗಳನ್ನು ಕೇಳಿ ಹೋಲಿಸುತ್ತವೆ. ಅಣ್ಣನ ಇವತ್ತಿನ ಫೋಟೊ, ತಮ್ಮನ ಇವತ್ತಿನ ಫೋಟೊ ಪಕ್ಕಪಕ್ಕ ಇಟ್ಟು, ತಮ್ಮ ಮುಂದೆ ಹೀಗೇ ಆಗುತ್ತಾನೆ ಅಂದ ಹಾಗೆ ಅದು. ಹಾಗೆ ಆಗಬಹುದು, ಆಗದೆಯೂ ಇರಬಹುದು. ಒಬ್ಬ ವಿದ್ಯಾರ್ಥಿ ನಿಜಕ್ಕೂ ಬದಲಾದರಾ ಅಂತ ತಿಳಿಯಲು ಅದೇ ವಿದ್ಯಾರ್ಥಿಯನ್ನು ಮೊದಲ ವರ್ಷದಿಂದ ಕೊನೆಯ ವರ್ಷದವರೆಗೆ ಕೇಳುತ್ತಾ ಬರಬೇಕು. ಅಂಥ ಅಧ್ಯಯನಗಳು ಕಡಿಮೆ, ಯಾಕೆಂದರೆ ನಾಲ್ಕೈದು ವರ್ಷ ಕಾಯಬೇಕು.

‘ನನಗೆ ಬರುತ್ತದೆ’ ಅನ್ನುವುದನ್ನು ಎಷ್ಟು ನಂಬಬಹುದು?

ಪದವಿ ಮುಗಿಸುವವರನ್ನು ‘ಈ ಕೆಲಸ ಒಬ್ಬರೇ ಮಾಡುವ ಧೈರ್ಯ ಇದೆಯಾ’ ಅಂತ ಕೇಳುವ ಅಧ್ಯಯನಗಳು ತುಂಬ ಇವೆ. ಸ್ವಚ್ಛ ಮಾಡುವುದು, ಸಾಮಾನ್ಯ ಫಿಲ್ಲಿಂಗ್ ಇವುಗಳಲ್ಲಿ ಹೆಚ್ಚಿನವರಿಗೆ ಧೈರ್ಯ ಇರುತ್ತದೆ. ದವಡೆ ಹಲ್ಲಿನ ರೂಟ್ ಕೆನಾಲ್, ವಸಡು ಬಿಡಿಸಿ ಹಲ್ಲು ತೆಗೆಯುವುದು ಅಂದರೆ ಕುಗ್ಗುತ್ತದೆ. 2020ರಲ್ಲಿ ಕೋವಿಡ್ ಬಂದಾಗ ಈ ಪ್ರಶ್ನೆ ದಿಢೀರನೆ ದೊಡ್ಡದಾಯಿತು. ಡ್ರಿಲ್ ತಿರುಗುವಾಗ ಬಾಯಿಯಿಂದ ಸಣ್ಣ ಹನಿಗಳು ಗಾಳಿಗೆ ಹಾರುತ್ತವೆ. ಹಾಗಾಗಿ ದಂತ ಕ್ಲಿನಿಕ್‌ಗಳು ಮೊದಲು ಬಾಗಿಲು ಹಾಕಿದವುಗಳಲ್ಲಿ ಸೇರಿದ್ದವು. ಪಾಠ ಆನ್‌ಲೈನ್‌ಗೆ ಹೋಯಿತು. ಕೈಕೆಲಸ ಹೋಗಲು ಸಾಧ್ಯವಿರಲಿಲ್ಲ. ಆ ವರ್ಷಗಳಲ್ಲಿ ಓದಿದವರ ಧೈರ್ಯ, ಕೌಶಲಗಳ ಮೇಲೆ ಪ್ರಪಂಚದ ತುಂಬ ಅಧ್ಯಯನಗಳು ನಡೆದವು.

ಧೈರ್ಯ ಬೇರೆ, ಕೌಶಲ ಬೇರೆ. 1999ರಲ್ಲಿ ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಡೇವಿಡ್ ಡನಿಂಗ್ ಮತ್ತು ಜಸ್ಟಿನ್ ಕ್ರೂಗರ್ ಒಂದು ಪ್ರಸಿದ್ಧ ಅಧ್ಯಯನ ಪ್ರಕಟಿಸಿದರು. ತರ್ಕ, ವ್ಯಾಕರಣದಂಥ ಪರೀಕ್ಷೆಗಳಲ್ಲಿ ತೀರಾ ಕಡಿಮೆ ಅಂಕ ಪಡೆದವರೇ ತಮ್ಮನ್ನು ಹೆಚ್ಚು ಮೇಲೆ ಅಂದಾಜು ಮಾಡಿಕೊಂಡಿದ್ದರು. ದಂತ ವಿದ್ಯಾರ್ಥಿಗಳ ಕೈಕೆಲಸದಲ್ಲೂ ಇಂಥದ್ದೇ ಕಂಡಿದೆ. ಹಿಂದುಳಿದವರು ತಮ್ಮ ಕೆಲಸಕ್ಕೆ ಅಧ್ಯಾಪಕರಿಗಿಂತ ಜಾಸ್ತಿ ಅಂಕ ಹಾಕಿಕೊಳ್ಳುತ್ತಾರೆ, ಮುಂದಿರುವವರು ಎಷ್ಟೋ ಸಲ ಕಡಿಮೆ ಹಾಕಿಕೊಳ್ಳುತ್ತಾರೆ. ತಪ್ಪನ್ನು ಕಾಣಲು ಬೇಕಾದ ಕಣ್ಣು, ತಪ್ಪಿಲ್ಲದೆ ಮಾಡಲು ಬೇಕಾದ ಕಣ್ಣು ಒಂದೇ. ಅದಕ್ಕೇ ಈಗ ತಮ್ಮ ಕೆಲಸವನ್ನು ತಾವೇ ತೂಗಿ ನೋಡುವುದನ್ನೂ ಒಂದು ಕೌಶಲವಾಗಿ ಕಲಿಸುವ ಪ್ರಯತ್ನಗಳು ನಡೆದಿವೆ.

ಒತ್ತಡ, ಕೋಟಾ ಮತ್ತು ಬೆನ್ನುನೋವು

ದಂತ ವಿದ್ಯಾರ್ಥಿಗಳ ಒತ್ತಡ ಅಳೆಯಲೆಂದೇ 1980ರಲ್ಲಿ ಒಂದು ಪ್ರಶ್ನೆಪಟ್ಟಿ ಬಂತು. ಅದರ ಬೇರೆ ಬೇರೆ ರೂಪಗಳು ಈಗಲೂ ಬಳಕೆಯಲ್ಲಿವೆ. ಯಾವ ದೇಶದಲ್ಲಿ ಕೇಳಿದರೂ ಮೇಲಕ್ಕೆ ಬರುವ ಕಾರಣಗಳು ಹೆಚ್ಚುಕಡಿಮೆ ಅವೇ: ಪರೀಕ್ಷೆ, ಅಂಕ, ಕ್ಲಿನಿಕ್‌ನ ಕೋಟಾ.

ಕೋಟಾ ಅಂದರೆ ಇಷ್ಟು ಫಿಲ್ಲಿಂಗ್, ಇಷ್ಟು ಹಲ್ಲು ಕೀಳುವುದು, ಇಷ್ಟು ಹಲ್ಲಿನ ಸೆಟ್ ಮಾಡಿ ಮುಗಿಸಿದರೆ ಮಾತ್ರ ಪರೀಕ್ಷೆಗೆ ಕೂರಬಹುದು ಅನ್ನುವ ಲೆಕ್ಕ. ಇದರ ಹಿಂದಿನ ಯೋಚನೆ ಸರಿಯಾದದ್ದೇ. ಮಾಡದೆ ಕಲಿಯಲು ಆಗುವುದಿಲ್ಲ. ಆದರೆ ರೋಗಿ ಬರದಿದ್ದರೆ ವಿದ್ಯಾರ್ಥಿಯ ವರ್ಷವೇ ನಿಂತುಬಿಡಬಹುದು. ‘ನನಗೆ ಇನ್ನೂ ಎರಡು ರೂಟ್ ಕೆನಾಲ್ ಬೇಕು’ ಅನ್ನುವ ಮನಸ್ಥಿತಿಯಲ್ಲಿ ಒಬ್ಬರು ರೋಗಿಯನ್ನು ನೋಡಿದರೆ ಏನಾಗುತ್ತದೆ ಅನ್ನುವುದು ಈ ಕ್ಷೇತ್ರದವರನ್ನು ನಿಜಕ್ಕೂ ಕಾಡುವ ಪ್ರಶ್ನೆ. ಹಾಗಾಗಿ ಕೆಲವು ಕಡೆ ಎಣಿಕೆ ಬಿಟ್ಟು, ಒಬ್ಬ ರೋಗಿಯ ಬಾಯಿಯ ಎಲ್ಲ ಕೆಲಸವನ್ನೂ ಒಬ್ಬರೇ ವಿದ್ಯಾರ್ಥಿ ಶುರುವಿನಿಂದ ಕೊನೆಯವರೆಗೆ ನೋಡಿಕೊಳ್ಳುವ ಪದ್ಧತಿ ತಂದಿದ್ದಾರೆ.

ದೇಹದ ಪಾಡೂ ಇದೆ. ಕತ್ತು, ಸೊಂಟ ಬಗ್ಗಿಸಿ ಗಂಟೆಗಟ್ಟಲೆ ಕೂರುವುದರಿಂದ ನೋವು ವಿದ್ಯಾರ್ಥಿ ದಿನಗಳಲ್ಲೇ ಶುರುವಾಗುತ್ತದೆ ಅಂತ ಅಧ್ಯಯನಗಳು ಹೇಳುತ್ತವೆ. ಸರಿಯಾಗಿ ಕೂರುವುದು ಹೇಗೆ ಅಂತ ಅವರಿಗೆ ಪಾಠದಲ್ಲಿ ಗೊತ್ತಿರುತ್ತದೆ. ಕೆಲಸದ ಹೊತ್ತಿಗೆ ಬೆನ್ನು ಬಗ್ಗಿಬಿಡುತ್ತದೆ. ಪಿರಮಿಡ್‌ನ ತಳಕ್ಕೂ ತುದಿಗೂ ಇರುವ ದೂರ ಇಲ್ಲಿ ಕಣ್ಣಿಗೇ ಕಾಣುತ್ತದೆ.

ತಲೆಬರಹದ ಹಿಂದೆ ಏನಿರುತ್ತದೆ

ಇಂಥ ಸಮೀಕ್ಷೆಗಳಲ್ಲಿ ಬಹಳಷ್ಟು ಒಂದೇ ಕಾಲೇಜಿನಲ್ಲಿ ನಡೆದಿರುತ್ತವೆ, ಸಂಶೋಧಕರಿಗೆ ಸುಲಭವಾಗಿ ಸಿಕ್ಕ ವಿದ್ಯಾರ್ಥಿಗಳನ್ನೇ ಕೇಳಿರುತ್ತಾರೆ. ಪ್ರಶ್ನೆಪಟ್ಟಿ ಹಂಚಿದವರು ಅದೇ ಕಾಲೇಜಿನ ಅಧ್ಯಾಪಕರಾದರೆ ‘ಕೈಗವಸು ಪ್ರತಿ ರೋಗಿಗೂ ಬದಲಿಸುತ್ತೀರಾ’ ಅನ್ನುವುದಕ್ಕೆ ಇಲ್ಲ ಅಂತ ಬರೆಯುವವರು ಎಷ್ಟು ಜನ? ಎಲ್ಲರೂ ಮೆಚ್ಚುವ ಉತ್ತರದ ಕಡೆ ಕೈ ತಾನಾಗಿ ಹೋಗುತ್ತದೆ. ಇನ್ನು, ಮುನ್ನೂರು ಜನರಿಗೆ ಕಳಿಸಿ ತೊಂಬತ್ತು ಜನ ಮಾತ್ರ ಉತ್ತರಿಸಿದ್ದರೆ, ಆ ವಿಷಯದಲ್ಲಿ ಆಸಕ್ತಿ ಇದ್ದವರಷ್ಟೇ ಉತ್ತರಿಸಿರುವ ಸಾಧ್ಯತೆ ಇದೆ.

ಕೆಲವು ಸಲ ‘ತಪ್ಪು ಉತ್ತರ’ ಕೂಡ ಅಷ್ಟು ಸರಳವಲ್ಲ. ಆಳವಾದ ಹುಳುಕನ್ನು ಪೂರ್ತಿ ಕೆರೆದು ತೆಗೆಯಬೇಕು ಅಂತ ತಲೆಮಾರುಗಳಿಂದ ಕಲಿಸುತ್ತಿದ್ದರು. ತಿರುಳಿನ ಹತ್ತಿರ ಸ್ವಲ್ಪ ಮೆತ್ತಗಿನ ಭಾಗ ಬಿಟ್ಟು ಮೇಲೆ ಭದ್ರವಾಗಿ ಮುಚ್ಚುವುದೇ ಹಲ್ಲಿಗೆ ಒಳ್ಳೆಯದು ಅಂತ 2016ರಲ್ಲಿ ಹಲವು ದೇಶಗಳ ತಜ್ಞರು ಸೇರಿ ಶಿಫಾರಸು ಮಾಡಿದರು. ಪೂರ್ತಿ ತೆಗೆಯುತ್ತೇನೆ ಅಂತ ಬರೆದ ವಿದ್ಯಾರ್ಥಿಯನ್ನು ಇಂಥ ಸಮೀಕ್ಷೆ ‘ತಿಳಿವಳಿಕೆ ಇಲ್ಲದವರು’ ಅಂತ ಎಣಿಸಬಹುದು. ನಿಜದಲ್ಲಿ ಅವರು ತಮಗೆ ಕಲಿಸಿದ್ದನ್ನೇ ಸರಿಯಾಗಿ ಬರೆದಿದ್ದಾರೆ. ಆ ಅಂಕ ವಿದ್ಯಾರ್ಥಿಯದಲ್ಲ, ಪಠ್ಯಕ್ರಮದ್ದು. ಬಾಯಿ ಕ್ಯಾನ್ಸರ್ ಬಗ್ಗೆ ಬರುವ ಫಲಿತಾಂಶಗಳನ್ನೂ ಹೀಗೇ ನೋಡಬಹುದು. ಮೊದಲ ವರ್ಷದವರನ್ನೂ ಸೇರಿಸಿ ಸರಾಸರಿ ತೆಗೆದರೆ ಅರಿವು ಕಡಿಮೆ ಕಂಡೇ ಕಾಣುತ್ತದೆ, ಅವರಿಗೆ ಆ ಪಾಠ ಇನ್ನೂ ಆಗಿರುವುದಿಲ್ಲ. ಕೊನೆಯ ವರ್ಷದವರಲ್ಲೂ ಕಡಿಮೆ ಇದ್ದರೆ ಅದು ಗಂಭೀರ ಸುದ್ದಿ.

ಕುರ್ಚಿಯಲ್ಲಿ ಕೂತವರಿಗೆ

ಮತ್ತೆ ಶುರುವಿನ ಪ್ರಶ್ನೆಗೆ ಬಂದರೆ, ಆ ವಿದ್ಯಾರ್ಥಿಗೆ ಕೆಲಸ ಬರುತ್ತದಾ ಅಂತ ಯಾವ ಸಮೀಕ್ಷೆಯೂ ನಿಮಗೆ ಹೇಳಲಾರದು. ಸಮೀಕ್ಷೆ ಗುಂಪಿನ ಮಾತು ಹೇಳುತ್ತದೆ, ಎದುರಿಗೆ ನಿಂತವರ ಮಾತಲ್ಲ. ಆದರೆ ಕೇಳುವ ಹಕ್ಕು ನಿಮಗಿದೆ. ನೀವು ಎಷ್ಟನೇ ವರ್ಷದವರು, ಈ ಕೆಲಸ ಮೊದಲು ಮಾಡಿದ್ದೀರಾ, ಯಾವ ಯಾವ ಹಂತದಲ್ಲಿ ನಿಮ್ಮ ಮೇಲ್ವಿಚಾರಕರು ಬಂದು ನೋಡುತ್ತಾರೆ ಅಂತ ಕೇಳಬಹುದು. ಸಮಯ ಜಾಸ್ತಿ ಹಿಡಿಯುತ್ತದೆ, ಯಾಕೆಂದರೆ ಕೊರೆದ ಮೇಲೆ ಒಮ್ಮೆ, ತುಂಬಿದ ಮೇಲೆ ಒಮ್ಮೆ ಮೇಲ್ವಿಚಾರಕರಿಗೆ ತೋರಿಸಬೇಕು. ನೋವಾದರೆ ಎಡಗೈ ಎತ್ತುತ್ತೇನೆ ಅಂತ ಮೊದಲೇ ಹೇಳಿಡಿ. ಆ ಕೈ ಮೇಲೆ ಹೋದಾಗ ಅವರು ಡ್ರಿಲ್ ನಿಲ್ಲಿಸಿ ನಿಮ್ಮ ಮುಖ ನೋಡುತ್ತಾರಾ ಅನ್ನುವುದು ಪಿರಮಿಡ್‌ನ ತುದಿಯ ಮೆಟ್ಟಿಲು. ಅದನ್ನು ಅಷ್ಟು ಹತ್ತಿರದಿಂದ ನೋಡುವ ಅವಕಾಶ ನಿಮ್ಮಷ್ಟು ಯಾವ ಸಂಶೋಧಕರಿಗೂ ಇಲ್ಲ.